ಬಿಳಿ ಮೇಜುಬಟ್ಟೆಯ ಅಮ್ಮ

ಸಂಡೂರಿನಲ್ಲಿ ಬಿಳಿ ಬಟ್ಟೆಯನ್ನು ಹೊರಗೆ ಹರವಿದರೆ, ಒಣಗುವಷ್ಟರಲ್ಲಿ ಅದಿರಿನ ಲಾರಿಗಳ ಧೂಳು ಅದನ್ನು ಕೆಂಪಾಗಿಸಿರುತ್ತದೆ. ಹಾಗಾಗಿ ನಮ್ಮ ಪಕ್ಕದ ಮನೆಯ ಅಮ್ಮ ಚರ್ಚಿನ ಮೇಜುಬಟ್ಟೆಯನ್ನು ಕಿಟಕಿ ಮುಚ್ಚಿ ಒಳಗೇ ಒಣಗಿಸುತ್ತಿದ್ದರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಮೇಲೂ ಬೆಳಕಿಗೆ ಹಿಡಿದು ನೋಡಿ, ಮತ್ತೆ ನೀರಿಗೆ ಅದ್ದುತ್ತಿದ್ದರು. "ಇನ್ನೊಂಚೂರು ಸರಿಯಾಗ್ಲವ್ವ" ಅನ್ನುತ್ತಿದ್ದರು.

ಆ ಬಟ್ಟೆಯ ಮೇಲೆ ಇಟ್ಟು, ಯೇಸುವಿನ ಕೊನೆಯ ಊಟದ ನೆನಪಿಗೆ ಎಲ್ಲರಿಗೂ ಹಂಚುತ್ತಿದ್ದ ಪ್ರಭುಭೋಜನದ ರೊಟ್ಟಿಯನ್ನು ಮಾತ್ರ ಅವರು ಎಂದೂ ಮುಟ್ಟಲಿಲ್ಲ. ಎಲ್ಲರೂ ಎದ್ದು ಮುಂದೆ ಹೋದಾಗ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿರುತ್ತಿದ್ದರು. ಯಾಕೆಂದು ಕೇಳಿದ್ದೆ.

"ತಂಗಿ ಮ್ಯಾಲಿನ ಸಿಟ್ಟು ಇನ್ನಾ ಪೂರಾ ಹೋಗಿಲ್ಲ. ಸಿಟ್ಟು ಇಟ್ಕೊಂಡು ಆ ರೊಟ್ಟಿ ಹೆಂಗ ಮುಟ್ಲಿ? ಮನಸು ಇನ್ನೊಂಚೂರು ಸರಿಯಾಗ್ಲವ್ವ."

ಕೊನೆಗೆ ಅವರು ಹಾಸಿಗೆ ಹಿಡಿದಾಗ ಪಾಸ್ಟರ್ ರೊಟ್ಟಿ, ದ್ರಾಕ್ಷಾರಸದ ಬಟ್ಟಲು ತೆಗೆದುಕೊಂಡು ಮನೆಗೇ ಬಂದರು. ನಾನು ಇಸ್ತ್ರಿ ಮಾಡಿದ್ದ ಅದೇ ಬಟ್ಟೆಯನ್ನು ಸ್ಟೂಲಿನ ಮೇಲೆ ಹಾಸಿದೆ. ಅದರಲ್ಲೊಂದು ಸುಕ್ಕು ಉಳಿದಿತ್ತು. ಅಮ್ಮನ ಬೆರಳು ಅದನ್ನು ತೀಡಲು ಹೋಯಿತು.

"ಬಿಡ್ರಿ ಅಮ್ಮ," ಎಂದರು ಪಾಸ್ಟರ್. "ಎಲ್ಲಾ ಸರಿ ಇದ್ದೋರಿಗೆ ಅಂತ ಕರ್ತ ಇದನ್ನ ಇಟ್ಟಿಲ್ಲ. ಹಸದೋರಿಗೆ ಇಟ್ಟಾನ."

ಅಮ್ಮ ರೊಟ್ಟಿ ತಿಂದರು. ಬಟ್ಟಲನ್ನು ತುಟಿಗೆ ತರುವಾಗ ಅದು ವಾಲಿ ದ್ರಾಕ್ಷಾರಸ ಬಟ್ಟೆಯ ಮೇಲೆ ಚೆಲ್ಲಿತು. ನಾನು ಗಾಬರಿಯಿಂದ ಒರೆಸಲು ಹೋದರೆ ಅಮ್ಮ ನನ್ನ ಕೈ ಹಿಡಿದುಕೊಂಡರು.

"ಇರ್ಲಿ ಬಿಡವ್ವ," ಎಂದರು. ಆಮೇಲೆ ಅವರ ಕಣ್ಣು ತುಂಬಿತು. "ಇಷ್ಟು ವರ್ಷ ಸುಮ್ನ ಹಸಕೊಂಡು ಕುಂತ್ನಲ್ಲ."

ಅಮ್ಮ ತೀರಿಕೊಂಡ ಮೇಲೆ ಆ ಬಟ್ಟೆಯನ್ನು ನಾನೇ ಒಗೆಯುತ್ತೇನೆ. ಕಲೆ ಇರುವ ಕಡೆ ಉಜ್ಜುವುದಿಲ್ಲ.