ಬಾಳೂರಿನ ಮಾದರಿ ಹೋಟೆಲು

ಹಬೀಬುರ್ರಹ್ಮಾನ್ ಸಾಬರು ಅರ್ಧ ಆಯಸ್ಸು ಎಸ್ಟೇಟಿನ ಜೀಪು ಓಡಿಸಿ, ಮಂಡಿ ಸವೆದ ಮೇಲೆ ಬಾಳೂರಿನ ರಸ್ತೆ ಕವಲೊಡೆಯುವಲ್ಲಿ ಹೋಟೆಲು ಇಟ್ಟರು. ಹೆಸರು ನ್ಯೂ ಮಲ್ನಾಡ್ ಹೋಟೆಲ್. ಹಳೇ ಮಲ್ನಾಡ್ ಹೋಟೆಲ್ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ಹಿಂದೆ ಒಲೆ, ಒಲೆಯ ಮುಂದೆ ಹೆಂಡತಿ ರಹೀಮುನ್ನೀಸಾ. ಹೋಟೆಲು ನಡೆಯುತ್ತಿದ್ದುದು ಆಕೆಯ ಪರೋಟ ಮತ್ತು ಕುರಿ ಸಾರಿನಿಂದ. ನಡೆಸುತ್ತಿರುವುದು ತಾವು ಎಂದು ಸಾಬರು ನಂಬಿದ್ದರು. ಗಲ್ಲಾದ ಹಿಂದೆ ಕೂತು ಬಂದವರ ಜೊತೆ ಹರಟುವುದನ್ನೇ ಅವರು ವ್ಯಾಪಾರ ಅನ್ನುತ್ತಿದ್ದರು.

ಗಿರಾಕಿಗಳೆಂದರೆ ಜೀಪು ಡ್ರೈವರುಗಳು, ಮೇಸ್ತ್ರಿಗಳು, ತೋಟದ ಆಳುಗಳು. ಕೊಯ್ಲಿನ ಕಾಲದಲ್ಲಿ ಕಾಫಿ ಹಣ್ಣಿನ ಅಂಟಿನಿಂದ ಕಪ್ಪಾದ ಕೈಯಲ್ಲೇ ಬಂದು ಬೆಂಚು ತುಂಬುತ್ತಿದ್ದರು. ಹೋಟೆಲು ಚೆನ್ನಾಗಿಯೇ ಓಡುತ್ತಿತ್ತು. ಸಾಬರಿಗಿದ್ದದ್ದು ಒಂದೇ ಕೊರಗು. ಇಷ್ಟು ಜನ ದಿನಾ ತಮ್ಮ ಅನ್ನ ತಿಂದು ಹೋದರೂ ಒಬ್ಬನಾದರೂ ತಮ್ಮನ್ನು ದೊಡ್ಡ ಮನುಷ್ಯ ಅಂದುಕೊಂಡಿರಲಿಲ್ಲ. ಹಳೇ ಗೆಳೆಯ, ಡ್ರೈವರ್ ಜವರಯ್ಯನಂತೂ ಇವರನ್ನು ಕರೆಯುತ್ತಿದ್ದುದೇ ‘ಏ ಮಾರಾಯ’ ಎಂದು.

ಎಂಬತ್ಮೂರನೇ ಇಸವಿಯಲ್ಲಿ, ಮಳೆ ಬಿಟ್ಟ ಮೇಲೆ, ಚಿಕ್ಕಮಗಳೂರಿನ ಕಾಲೇಜೊಂದರಿಂದ ಚನ್ನಕೇಶವ ಎಂಬ ಬಿ.ಕಾಂ. ವಿದ್ಯಾರ್ಥಿ ಬಂದ. ಬಂದದ್ದು ಊಟಕ್ಕಲ್ಲ, ಸಂಶೋಧನೆಗೆ. ಸಂಶೋಧನೆಗೂ ಅಲ್ಲ, ಅದರ ಯೋಜನೆಗೆ.

ಅದರ ಹಿಂದೆ ಇದ್ದವರು ಅವನ ಲೆಕ್ಚರರ್ ಲಿಂಗಪ್ಪನವರು. ಅವರು ಬೆಂಗಳೂರಿನ ಯಾವುದೋ ಸೆಮಿನಾರಿಗೆ ಹೋಗಿ, ಇನ್ನು ಮುಂದೆ ಮಲೆನಾಡು ಕಾಫಿಯಿಂದಲ್ಲ, ಪ್ರವಾಸಿಗಳಿಂದ ಬದುಕುತ್ತದೆ ಎಂದು ಕೇಳಿಸಿಕೊಂಡು ಬಂದಿದ್ದರು. ಮರುದಿನವೇ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು, ಜಿಲ್ಲೆಯ ಹೋಟೆಲುಗಳ ಬಗ್ಗೆ ಸಂಶೋಧನೆ ಆಗಬೇಕು ಎಂದರು. ಆದರೆ ಯೋಜನೆ ಗಟ್ಟಿಯಾದರೆ ಅರ್ಧ ಸಂಶೋಧನೆ ಮುಗಿದ ಹಾಗೆ ಎಂಬುದು ಅವರ ಸಿದ್ಧಾಂತ. ವಿದ್ಯಾರ್ಥಿಗಳು ಈ ಅರ್ಧವನ್ನು ಮಾತ್ರ ಬಹಳ ಶ್ರದ್ಧೆಯಿಂದ ಹಿಡಿದುಕೊಂಡರು. ಶೀರ್ಷಿಕೆಯಲ್ಲಿ ‘ಹೋಟೆಲ್ ಉದ್ಯಮ’ ಅನ್ನಬೇಕೋ ‘ಆತಿಥ್ಯೋದ್ಯಮ’ ಅನ್ನಬೇಕೋ ಎಂಬ ಚರ್ಚೆಯಲ್ಲೇ ಮಳೆಗಾಲ ಕಳೆಯಿತು. ಕೊನೆಗೆ ಆತಿಥ್ಯ ಗೆದ್ದಿತು. ಆಮೇಲೆ ಹೋಟೆಲುಗಳನ್ನು ಆರಿಸಬೇಕಿತ್ತು. ಚನ್ನಕೇಶವನ ಸೋದರಮಾವನ ಮನೆ ಬಾಳೂರಿನಲ್ಲಿದ್ದುದರಿಂದ ಬಾಳೂರು ಆರಿಸಲ್ಪಟ್ಟಿತು.

ಹುಡುಗ ಗಲ್ಲಾದ ಮುಂದೆ ನಿಂತು ವಿನಯದಿಂದಲೇ ಹೇಳಿದ, “ನಿಮ್ಮ ಹೋಟೆಲನ್ನ ನಮ್ಮ ಅಧ್ಯಯನಕ್ಕೆ ಮಾದರಿ ಅಂತ ತಗೊಂಡಿದೀವಿ.”

ಸಾಬರಿಗೆ ಗೊತ್ತಿದ್ದ ಮಾದರಿ ಒಂದೇ. ಮಾದರಿ ಶಾಲೆ, ಮಾದರಿ ಗ್ರಾಮ, ಇನ್ನೊಬ್ಬರು ನೋಡಿ ಕಲಿಯಬೇಕಾದದ್ದು. ಅವರು ಕೂತಲ್ಲಿಂದ ಎದ್ದು ನಿಂತರು. ಹುಡುಗನಿಗೆ ಎರಡು ಆಮ್ಲೆಟ್ ಹಾಕಿಸಿದರು. ಅವನು ತಿಂದು, ಕರಡು ಪ್ರಶ್ನೆಗಳ ಒಂದು ಹಾಳೆ ಬಿಟ್ಟು, ಇವು ಇನ್ನೂ ಅಂತಿಮವಲ್ಲ, ಸುಮ್ಮನೆ ನೋಡಿಡಿ ಎಂದು ಹೇಳಿ ಹೋದ. ಸಂಜೆಯೊಳಗೆ ಕಾಲೇಜಿನವರು ನ್ಯೂ ಮಲ್ನಾಡನ್ನು ಜಿಲ್ಲೆಗೇ ಮಾದರಿ ಹೋಟೆಲು ಎಂದು ಆರಿಸಿದ ಸುದ್ದಿ ಮೂಡಿಗೆರೆ ಬಸ್ಸು ಹತ್ತಿತ್ತು. ಹತ್ತಿಸಿದವರು ಸಾಬರೇ.

ಸುಮ್ಮನೆ ನೋಡಿಡುವುದು ಅವರಿಂದ ಆಗಲಿಲ್ಲ. ಮೇಜಿಗೆ ಬಟ್ಟೆ ಹಾಸಿದೆಯೇ ಎಂದು ಹಾಳೆ ಕೇಳಿತ್ತು. ಚಿಕ್ಕಮಗಳೂರಿನಿಂದ ಬಿಳೀ ಬಟ್ಟೆ ಬಂತು. ಬಂದವರನ್ನು ಬಾಗಿಲಲ್ಲಿ ಸ್ವಾಗತಿಸುವ ವ್ಯವಸ್ಥೆ ಇದೆಯೇ ಎಂದಿತ್ತು. ಮಗಳ ಮದುವೆಗೆ ಹೊಲಿಸಿದ್ದ ಕೋಟು ತೊಟ್ಟು ಸಾಬರು ಬಾಗಿಲಿಗೆ ನಿಂತರು. ಗದ್ದಲವಿಲ್ಲದ ವಾತಾವರಣ ಇದೆಯೇ ಎಂದಿತ್ತು. ‘ಮೆಲ್ಲಗೆ ಮಾತಾಡಿ’ ಎಂದು ಬೋರ್ಡು ಬರೆಸಿದರು. ಚನ್ನಕೇಶವ ಯೋಜನೆಯ ನೆಪದಲ್ಲಿ ಆಗಾಗ ಬರುತ್ತಿದ್ದ. ಬಂದಾಗಲೆಲ್ಲ ಪ್ರಶ್ನೆಗಳು ಹೆಚ್ಚಿರುತ್ತಿದ್ದವು, ಆಮ್ಲೆಟ್ಟೂ ತಪ್ಪುತ್ತಿರಲಿಲ್ಲ. ಗಿರಾಕಿ ಅನ್ನಬಾರದು, ಅತಿಥಿ ಅನ್ನಬೇಕು ಎಂದು ಅವನು ಹೇಳಿಕೊಟ್ಟ ಮೇಲೆ ಸಾಬರು ಜವರಯ್ಯನಿಗೂ ಕೈಮುಗಿದು, “ಬನ್ನಿ ಅತಿಥಿಗಳೇ, ಕೈ ತೊಳ್ಕೊಂಡು ಕೂತ್ಕೊಳ್ಳಿ” ಅಂದರು.

ಜವರಯ್ಯ ಹಿಂದೆ ತಿರುಗಿ ನೋಡಿದ. ತನ್ನ ಹಿಂದೆ ಯಾರೋ ಪ್ಲಾಂಟರು ಬಂದಿರಬೇಕು ಅಂದುಕೊಂಡ. ಯಾರೂ ಇರಲಿಲ್ಲ. ಆವತ್ತು ಅವನು ಕೂತು ಪರೋಟ ತಿಂದನಾದರೂ ಬಿಳೀ ಬಟ್ಟೆಗೆ ಅಂಟು ತಾಗೀತೆಂದು ಮೊಣಕೈ ಎತ್ತಿಕೊಂಡೇ ತಿಂದ. ಮರುದಿನ ಎದುರುಗಡೆ ತಗಡಿನಡಿ ಟೀ ಕಾಸುತ್ತಿದ್ದ ಶೇಷಪ್ಪನ ಅಂಗಡಿಗೆ ಹೋದ. ಉಳಿದವರೂ ಒಬ್ಬೊಬ್ಬರಾಗಿ ರಸ್ತೆ ದಾಟಿದರು. ಶೇಷಪ್ಪನ ಟೀ ಬಿಸಿನೀರಿಗಿಂತ ಸ್ವಲ್ಪ ವಾಸಿ ಅನ್ನಬಹುದಿತ್ತು. ಆದರೆ ಅಲ್ಲಿ ಮೊಣಕೈ ಊರಬಹುದಿತ್ತು.

ಸಾಬರಿಗೆ ಇದು ಕಾಣಲಿಲ್ಲ ಎಂದಲ್ಲ. ಮಾದರಿ ಆದ ಮೇಲೆ ಗಿರಾಕಿಯ ದರ್ಜೆಯೂ ಏರಬೇಕು, ಕೆಳಗಿನವರು ಹೋಗದೆ ಮೇಲಿನವರು ಬರುವುದಿಲ್ಲ ಎಂದು ಅವರು ಹೆಂಡತಿಗೆ ತಿಳಿಹೇಳಿದರು. ಮಿಕ್ಕಿದ ಪರೋಟದ ಹಿಟ್ಟನ್ನು ದನದ ಬಾನಿಗೆ ಹಾಕುತ್ತ ರಹೀಮುನ್ನೀಸಾ, ಮೇಲಿನವರು ಎಲ್ಲಿಯವರೆಗೆ ಬಂದಿದ್ದಾರೆ ಎಂದು ಮಾತ್ರ ಕೇಳಿದಳು.

ಮೇಲಿನವರು ಜನವರಿಯಲ್ಲಿ ಬಂದರು. ಯೋಜನೆ ಅಂತಿಮಗೊಳಿಸುವ ಮೊದಲು ಸ್ಥಳ ನೋಡಬೇಕೆಂದು ಲಿಂಗಪ್ಪನವರೇ ವಿದ್ಯಾರ್ಥಿಗಳೊಂದಿಗೆ ಬಾಡಿಗೆ ವ್ಯಾನಿನಲ್ಲಿ ಇಳಿದರು. ಹೊರಗೆ ತಿಂದರೆ ಹೊಟ್ಟೆ ಕೆಡುತ್ತದೆಂದು ಅವರು ಮನೆಯಿಂದಲೇ ಕ್ಯಾರಿಯರ್ ತಂದಿದ್ದರು. ನ್ಯೂ ಮಲ್ನಾಡಿನ ಬಿಳೀ ಬಟ್ಟೆಯ ಮೇಲೆ ಅದನ್ನು ಬಿಚ್ಚಿ ಮೊಸರನ್ನ ತಿನ್ನುತ್ತ, ಆತಿಥ್ಯೋದ್ಯಮದ ಭವಿಷ್ಯದ ಬಗ್ಗೆ ಹೇಳಿದರು. ತಿಂದಾದ ಮೇಲೆ ಸುತ್ತ ನೋಡಿದರು. ಊಟದ ಹೊತ್ತಿಗೆ ಸರಿಯಾಗಿ ಹೋಟೆಲಿನಲ್ಲಿ ತಮ್ಮ ಗುಂಪು ಬಿಟ್ಟರೆ ನರಪಿಳ್ಳೆ ಇಲ್ಲ. ಎದುರು ತಗಡಿನಡಿ ನಿಲ್ಲಲು ಜಾಗವಿಲ್ಲ.

ಅವರು ಚನ್ನಕೇಶವನ ಕಡೆ ತಿರುಗಿ, ಗ್ರಾಹಕರೇ ಇಲ್ಲದ ಹೋಟೆಲು ಅಧ್ಯಯನಕ್ಕೆ ಬರುವುದಿಲ್ಲ, ಇದನ್ನು ಕೈಬಿಡು ಎಂದರು.

ಕೋಟಿನೊಳಗೆ ಬೆವರುತ್ತಿದ್ದ ಸಾಬರು ಮುಂದೆ ಬಂದರು. “ಸಾರ್, ಮಾದರಿ ಅಂತ ಆರಿಸಿದ್ದು ನೀವೇ ಅಲ್ವಾ?”

ಲಿಂಗಪ್ಪನವರಿಗೆ ಪಾಠ ಹೇಳುವ ಅವಕಾಶ ಎಂದರೆ ಇಷ್ಟ. “ಮಾದರಿ ಅಂದ್ರೆ ಆ ಅರ್ಥ ಅಲ್ಲ ಸಾಬ್ರೇ. ಅನ್ನ ಬೆಂದಿದ್ಯಾ ನೋಡೋಕೆ ಒಂದು ಅಗುಳು ಹಿಸುಕಿ ನೋಡ್ತೀವಲ್ಲ, ಹಾಗೆ. ಯಾವ ಅಗುಳಾದ್ರೂ ಆಗುತ್ತೆ. ಇದೇ ಬೇಕು ಅಂತೇನಿಲ್ಲ.”

ಒಲೆಯ ಕಡೆಯಿಂದ ರಹೀಮುನ್ನೀಸಾ, ಯಾರಿಗೂ ಹೇಳದವಳ ಹಾಗೆ, “ಹಿಸುಕಿದ ಅಗುಳನ್ನ ಯಾರೂ ವಾಪಸ್ ಪಾತ್ರೆಗೆ ಹಾಕಲ್ಲ” ಅಂದಳು.

ಲಿಂಗಪ್ಪನವರು ಅದನ್ನು ಕೇಳಿಸಿಕೊಳ್ಳದೆ ಶೇಷಪ್ಪನಲ್ಲಿಗೆ ದಾಟಿ, ಹಾಗಾದರೆ ನಿನ್ನ ಅಂಗಡಿಯನ್ನೇ ಮಾದರಿಗೆ ತೆಗೆದುಕೊಳ್ಳುತ್ತೇವೆ ಎಂದರು. ಶೇಷಪ್ಪ ಕುದಿಯುವ ಟೀಯಿಂದ ಕಣ್ಣು ತೆಗೆಯದೆ, ಸಾಬರಿಗೆ ಆದ ಉಪಕಾರವನ್ನು ದಿನಾ ಇಲ್ಲಿಂದಲೇ ನೋಡುತ್ತಿದ್ದೇನೆ, ನನಗೆ ಅಷ್ಟು ದೊಡ್ಡದು ಬೇಡ ಎಂದ. ವ್ಯಾನು ಚಿಕ್ಕಮಗಳೂರಿಗೆ ಹಿಂತಿರುಗಿತು.

ಸಾಬರು ಎರಡು ದಿನ ಕೋಟು ಬಿಚ್ಚಲಿಲ್ಲ. ಮೂರನೇ ದಿನ ಬಿಳೀ ಬಟ್ಟೆಗಳನ್ನು ಹೆಂಡತಿಯೇ ಎಳೆದು ಒಲೆ ಒರೆಸಲು ಹಾಕಿಕೊಂಡಳು. ಆದರೆ ಬಟ್ಟೆ ತೆಗೆದ ಮಾತ್ರಕ್ಕೆ ಜನ ಬರಲಿಲ್ಲ. ಅತಿಥಿ ಅಂದದ್ದು ಕೆಲವರಿಗೆ ಬೈಗುಳಕ್ಕಿಂತ ಜಾಸ್ತಿ ನಾಟಿತ್ತು. ಕೊನೆಗೆ ಒಂದು ಮಧ್ಯಾಹ್ನ ಸಾಬರು ಕುಂಟುತ್ತ ರಸ್ತೆ ದಾಟಿ, ಶೇಷಪ್ಪನ ತಗಡಿನಡಿ ನಿಂತು ಟೀ ಕೇಳಿದರು. ಒಬ್ಬ ಮೇಸ್ತ್ರಿ ಎದ್ದು ಕೈಮುಗಿದು, ಬನ್ನಿ ಅತಿಥಿಗಳೇ ಅಂದ. ಇನ್ನೊಬ್ಬ ಮೆಲ್ಲಗೆ ಮಾತಾಡಿ ಎಂದು ಎಲ್ಲರನ್ನೂ ಗದರಿಸಿದ. ನಗು ಬಹಳ ಹೊತ್ತು ನಡೆಯಿತು. ಸಾಬರು ಆ ಟೀಯನ್ನು ಪೂರ್ತಿ ಕುಡಿದರು. ಅದು ನಗುವಿಗಿಂತ ಕಷ್ಟದ್ದಾಗಿತ್ತು.

ಜವರಯ್ಯ ನಗಲಿಲ್ಲ. ಲೋಟ ಕೆಳಗಿಟ್ಟು, “ಏ ಮಾರಾಯ, ಕುರಿ ಸಾರು ಇದ್ಯಾ ಇವತ್ತು?” ಎಂದು ಕೇಳಿದ.

ಇದೆ ಎಂದರು ಸಾಬರು. ಇಬ್ಬರೂ ರಸ್ತೆ ದಾಟಿದರು. ಮಾರ್ಚಿನ ಹೊತ್ತಿಗೆ ಬೆಂಚುಗಳು ಮುಕ್ಕಾಲು ತುಂಬಿದವು. ಪೂರ್ತಿ ತುಂಬಲು ಇನ್ನೊಂದು ಕೊಯ್ಲು ಬೇಕಾಯಿತು.

ಆ ಬೇಸಿಗೆಯಲ್ಲಿ ಚನ್ನಕೇಶವ ಮತ್ತೆ ಬಂದ. ಸಂಶೋಧನೆಗೆ ಸಮಯ ಸಾಲದೆ, ಅದರ ಯೋಜನೆಯನ್ನೇ ಬೈಂಡ್ ಮಾಡಿಸಿ ಕೊಟ್ಟಿದ್ದರಂತೆ. ಇಷ್ಟು ಸವಿಸ್ತಾರವಾದ ಯೋಜನೆಯನ್ನು ತಾವು ನೋಡಿಯೇ ಇಲ್ಲವೆಂದು ಪರೀಕ್ಷಕರು ಮೆಚ್ಚಿ ಎಲ್ಲರಿಗೂ ಫಸ್ಟ್ ಕ್ಲಾಸ್ ಕೊಟ್ಟರಂತೆ. ಲಿಂಗಪ್ಪನವರು ಈಗ ಜೇನು ಸಾಕಣೆಯ ಯೋಜನೆಯಲ್ಲಿದ್ದಾರೆ ಎಂದೂ ಹೇಳಿದ. ಸಾಬರು ಅವನನ್ನು ಜವರಯ್ಯನ ಪಕ್ಕದಲ್ಲಿ ಕೂರಿಸಿ ಪರೋಟ ಬಡಿಸಿದರು, ಒಳ್ಳೆಯದಾಗಲಿ ಎಂದು ಮನಸಾರೆ ಹರಸಿದರು. ಆಮೇಲೆ ಸೌಟು ಹಿಡಿದು ಬೆಂಚಿನುದ್ದಕ್ಕೂ ಬಂದು, ಕೇಳದೆಯೇ ಎಲ್ಲರ ತಟ್ಟೆಗೂ ಎರಡನೇ ಸಲ ಸಾರು ಹಾಕಿದರು. ಚನ್ನಕೇಶವನ ತಟ್ಟೆ ಮಾತ್ರ ದಾಟಿ ಹೋದರು.