ಸತ್ತವರು ಉತ್ತ ಹೊಲ

ಭಾನುಮತಿ ಐದು ವರ್ಷ ಸ್ವೀಡನ್ನಿನ ಉಪ್ಸಾಲಾದಲ್ಲಿ ಕೂತು ಇಂಗ್ಲೆಂಡಿನ ಒಂದು ಹಳ್ಳಿಯ ಜಾತಕ ಬರೆದಳು. ಅಲ್ಲಿ ಕೂತು ಅದ್ಯಾಕೆ ಎಂದರೆ, “ಸ್ಕಾಲರ್‌ಶಿಪ್ ಅದಕ್ಕೇ ಸಿಕ್ತು” ಅನ್ನುತ್ತಿದ್ದಳು. ಆಲ್ಡರ್‌ಸ್ಟೋ ಎಂಬ ಆ ಊರನ್ನು ಹನ್ನೆರಡನೆಯ ಶತಮಾನದಲ್ಲಿ ಒಬ್ಬ ಜಮೀನ್ದಾರ ಹಗ್ಗ ಹಿಡಿದು ಅಳೆದು, ಒಂದೇ ಬೀದಿಯ ಎರಡು ಬದಿಗೆ ಕಟ್ಟಿಸಿದ್ದ. ಅಲ್ಲಿಯವರೆಗೆ ಯಾರ ತಕರಾರೂ ಇಲ್ಲ. ಅವಳ ಹೊಸ ಮಾತಿದ್ದದ್ದು ನಾಲ್ಕನೆಯ ಅಧ್ಯಾಯದಲ್ಲಿ: ೧೩೪೯ರ ಪ್ಲೇಗು ಸುತ್ತಲಿನ ಊರುಗಳನ್ನೆಲ್ಲ ಗುಡಿಸಿಹಾಕಿದರೂ ಆಲ್ಡರ್‌ಸ್ಟೋವನ್ನು ಮುಟ್ಟಲಿಲ್ಲ. ಆಮೇಲಿನ ಇಪ್ಪತ್ತು ವರ್ಷವೂ ಜಮೀನ್ದಾರಿಯ ಕಡತದಲ್ಲಿ ಅದೇ ಹನ್ನೊಂದು ಒಕ್ಕಲುಗಳ ಹೆಸರಿತ್ತಲ್ಲ! ಡಾಕ್ಟರೇಟು ನಿಂತಿದ್ದದ್ದೇ ಅದರ ಮೇಲೆ.

೨೦೦೭ರ ಮೇ. ಪುಸ್ತಕ ಅಚ್ಚಾಗಿತ್ತು. ಮಾರನೆಯ ಬೆಳಿಗ್ಗೆ ಅದನ್ನು ವಿಶ್ವವಿದ್ಯಾಲಯದ ಮರದ ಹಲಗೆಗೆ ಮೊಳೆ ಹೊಡೆದು ತೂಗುಹಾಕಬೇಕು. ಮೂರು ವಾರ ಯಾರು ಬೇಕಾದರೂ ಓದಿ ತಪ್ಪು ಹುಡುಕಬಹುದು, ಪರೀಕ್ಷೆ ಆಮೇಲೆ. ಅಲ್ಲಿಯ ಪದ್ಧತಿ ಅದು. ಅದನ್ನು ನೋಡಲೆಂದೇ ತುಮಕೂರಿನಿಂದ ಬಂದಿದ್ದ ಅಪ್ಪ ದತ್ತಾತ್ರೇಯ, ನಿವೃತ್ತ ಗ್ರಾಮಲೆಕ್ಕಿಗ, ಕಾಫಿ ಹೀರುತ್ತ ಹೆಸರುಗಳ ಪಟ್ಟಿ ನೋಡಿದರು.

“ಇಪ್ಪತ್ತು ವರ್ಷದಲ್ಲಿ ಒಬ್ಬನೂ ಸಾಯ್ಲಿಲ್ವೇನೇ?”

“ಅದೇ ಅಪ್ಪ ನನ್ನ ಥೀಸಿಸ್ಸು. ಪ್ಲೇಗ್ ಆ ಊರಿಗೆ ಬರ್ಲೇ ಇಲ್ಲ.”

ದತ್ತಾತ್ರೇಯ ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಯ್ಯೋ ಮಂಕೇ! ಆ ಕಡತ ಬರೆದ ನಿನ್ನ ಗುಮಾಸ್ತನೂ ನನ್ನಂಥವನೇ ಕಣೇ. ಹೊಲಕ್ಕೆ ಯಾವನು ಹೋಗ್ತಾನೆ? ಹಳೇ ಪಹಣಿ ಮುಂದಿಟ್ಕೊಂಡು ಇಳಿಸೋದು, ಅಷ್ಟೇ. ಸತ್ತ ಸಿದ್ದಪ್ಪನ ಕೈಲಿ ಹತ್ತು ವರ್ಷ ರಾಗಿ ಬೆಳೆಸಿದೀನಿ ನಾನು!”

ಭಾನುಮತಿಗೆ ನಗು ಬರಲಿಲ್ಲ. ಎರಡನೆಯ ವರ್ಷವೇ ಅವಳ ಕಣ್ಣಿಗೆ ಆ ಊರಿನದೇ ಬೇರೊಂದು ದಾಖಲೆಯ ೧೩೫೦ರ ಹಾಳೆ ಬಿದ್ದಿತ್ತು. ಪಟ್ಟಿಯಲ್ಲಿದ್ದ ಮೂವರ ಹೆಸರು, ಪಕ್ಕದಲ್ಲೇ ‘ಸತ್ತ, ವಾರಸುದಾರರಿಲ್ಲ, ಭೂಮಿ ಪಾಳು’. ಅದೇ ಹೆಸರಿನ ಬೇರೆ ಯಾರೋ ಇರಬೇಕೆಂದು ತನಗೆ ತಾನೇ ಹೇಳಿಕೊಂಡು ಹಾಳೆಯನ್ನು ಫೈಲಿನ ತಳಕ್ಕೆ ತಳ್ಳಿದ್ದಳು. ಊರು ಉಳಿಯಲಿ ಎಂದಲ್ಲ, ಪದವಿ ಉಳಿಯಲಿ ಎಂದು. ಈಗ ನಾಚಿಕೆಯಾಯಿತು. ಫೈಲು ತೆಗೆದು ಹಾಳೆಯನ್ನು ಅಪ್ಪನ ಮುಂದಿಟ್ಟಳು.

ದತ್ತಾತ್ರೇಯ ಗಾಬರಿಯಾದರು. “ಬಾಯಿ ತಪ್ಪಿ ಅಂದೆ, ಬಿಡಮ್ಮ. ಆರುನೂರು ವರ್ಷದ ಹಿಂದಿನ ಮಾತು. ಯಾರಿಗೆ ಗೊತ್ತಾಗುತ್ತೆ? ಐದು ವರ್ಷ ನೀರಲ್ಲಿ ಹೋಮ ಮಾಡ್ಬೇಡ.”

ಬೆಳಿಗ್ಗೆ ಭಾನುಮತಿ ಪುಸ್ತಕದ ಮೊದಲ ಪುಟಕ್ಕೆ ಒಂದು ಚೀಟಿ ಅಂಟಿಸಿ, ಮೊಳೆ ಹೊಡೆದಳು. ದತ್ತಾತ್ರೇಯ ಕನ್ನಡಕ ಏರಿಸಿ ಓದಿದರು: ‘ನಾಲ್ಕನೆಯ ಅಧ್ಯಾಯ ತಪ್ಪು. ಈ ಹನ್ನೊಂದು ಜನರಲ್ಲಿ ಮೂವರಾದರೂ ಪ್ಲೇಗಿಗೆ ಮುಂಚೆ ಇದ್ದವರು, ಆಮೇಲೆ ಇಲ್ಲ. ಇದು ನನಗೆ ಮೊದಲೇ ಕಂಡಿತ್ತು.’

ಇಬ್ಬರೂ ಬಸ್ ನಿಲ್ದಾಣಕ್ಕೆ ನಡೆದರು. ಅಲ್ಲಿ ಬೆಂಚಿನ ಮೇಲೆ ಕೂತು ದತ್ತಾತ್ರೇಯ ಹೇಳಿದರು:

“ಸಿದ್ದಪ್ಪಂಗೆ ಒಬ್ಬಳು ಮಗಳಿದ್ಲು ಕಣೇ. ಪಹಣೀನ ನನ್ನ ಹೆಸರಿಗೆ ಬದಲಾಯ್ಸಿ ಸ್ವಾಮಿ ಅಂತ ಎಷ್ಟು ಸಲ ಬಂದ್ಲೋ.”