ಬ್ರಹ್ಮಾವರದಿಂದ ಬೈಂದೂರಿಗೆ, ಕೀ ಸ್ವಿಚ್ಚಿನ ಪರೀಕ್ಷಿಗೆ

ಆಯ್ತಾರ ಬೆಳಿಗ್ಗೆ ಬಾಗಿಲ ಮೆಟ್ಲಿನ ಬದಿಗೆ ಬೈಕ್ ತಂದ್ ನಿಲ್ಸಿದ್ ಮೇಲೇ ನಂಗೆ ಅದ್ರ ಮೇಲೆ ಹತ್ತುಕೆ ಆದ್ದ್. ಸೀರಿ ಒಳಗೆ ಮೊಮ್ಮಗಳ ಪ್ಯಾಂಟ್, ತಲಿಗೆ ಹೆಲ್ಮೆಟ್. ಗಂಡಸ್ರ ಹಾಂಗೆ ಆಚೆ ಒಂದ್ ಕಾಲ್ ಈಚೆ ಒಂದ್ ಕಾಲ್ ಹಾಕಿ ಕೂಕಂಡೆ. ಬದಿ ಮನಿಯವ್ರ್ ಹಲ್ಲುಜ್ಜುದ್ ಬಿಟ್ಟ್ ಬೇಲಿ ಹತ್ರ ಬಂದ್ ನಿಂತಿದ್ರ್. ನಾನ್ ಕೈ ಬೀಸ್ದೆ. ಅವ್ರಿಗೂ ಒಂದ್ ವಾರಕ್ಕೆ ಮಾತಾಡುಕೆ ವಿಷ್ಯ ಬೇಕಲ್ದಾ.

ಆದ್ರೆ ನಾವ್ ಹೊರಟದ್ದ್ ತಿರ್ಗಾಟಕ್ಕಲ್ಲ, ಪರೀಕ್ಷಿಗೆ. ಮೊಮ್ಮಗಳ್ ದೀಕ್ಷಾ ಬ್ರಹ್ಮಾವರದ ಒಂದ್ ಲ್ಯಾಬಗೆ ರಕ್ತ ಪರೀಕ್ಷಿ ಮಾಡುದ್. ಸಂಬಳ ಉಳ್ಸಿ ಒಂದ್ ಹಳಿ ಟೂರಿಂಗ್ ಬೈಕ್ ತಕಂಡಿತ್ತ್. ಅಂದ್ರೆ ದೂರದೂರಿಗೆ ಹೋಪುಕೆ ಅಂದೇಳಿಯೇ ಮಾಡಿದ ಗಾಡಿ. ಬಪ್ಪ ಗುರುವಾರ ಇಬ್ರ್ ಗೆಳತಿಯರ ಒಟ್ಟಿಗೆ ಗುಜರಾತಿನ ಕಛ್ ಬದಿಗೆ ಹೋಪುದಂಬ್ರ್. ಅಲ್ಲಿ ಕಣ್ಣಿಗೆ ಕಂಡಷ್ಟೂ ಬಿಳಿ ಉಪ್ಪಿನ ಬಯಲಂಬ್ರ್. ಉಪ್ಪ್ ಕಾಂಬುಕೆ ಅಷ್ಟ್ ದೂರ ಎಂತಕೆ ಹೆಣೆ, ಅಡ್ಗಿ ಮನಿಯಗೇ ಇತ್ತಲ್ಲ ಅಂದೇಳಿ ನಾನ್ ಕೇಂಡದ್ದಕ್ಕೆ ಎರಡ್ ದಿನ ಮೋರಿ ಊದ್ಸ್ಕಂಡಿತ್ತ್.

ಹೋದ ತಿಂಗ್ಳ್ ತೆಕ್ಕಟ್ಟೆ ಹತ್ರ ಹೈವೇಯಗೆ ಓಡ್ತಾ ಇದ್ದ ಗಾಡಿ ಒಮ್ಮೆಲೇ ಬಂದ್ ಆಯ್ತ್. ಲೈಟ್ ಇಲ್ಲ, ಹಾರ್ನ್ ಇಲ್ಲ, ಎಂತದೂ ಇಲ್ಲ. ಹಿಂದೆ ಬಪ್ಪ ಲಾರಿಯವ ಬ್ರೇಕ್ ಹಾಕಿದ್ದಕ್ಕೆ ಹೆಣ್ಣ್ ಉಳ್ದದ್ದ್. ಅವತ್ತಿಂದ ಅದ್ರ ಅಬ್ಬಿ, ಅಂದ್ರೆ ನನ್ನ ಸೊಸಿ ಸುಮತಿ, ಗಾಡಿ ಕಂಡ್ರೆ ಉರ್ದ್ ಬೀಳ್ತ್. ಅಬ್ಬಿ ಮಗಳಿಗೆ ಮಾತೇ ಇಲ್ಲ. ಕಡಿಗೆ ಸುಮತಿಯೇ ಒಂದ್ ತೀರ್ಮಾನ ಮಾಡ್ತ್. ಅಜ್ಜಿನ ಕೂರ್ಸ್ಕಂಡ್ ಬೈಂದೂರಿಗೆ ಹೋಯ್ ಬರ್ಕ್. ದಾರಿಯಗೆ ಎಲ್ಲಿಯಾರೂ ಗಾಡಿ ತನ್ನಷ್ಟಕ್ಕೇ ನಿಂತ್ರೆ ಕಛ್ ಇಲ್ಲ, ಅದನ್ನ ಮಾರುದೇ. ಸಾಕ್ಷಿ ಹೇಳುದ್ ನಾನ್.

"ಅತ್ತಿ, ಮೊಮ್ಮಗಳ ಮೋರಿ ಕಂಡ್ ಸುಳ್ಳ್ ಹೇಳುಕಾಗ. ದೇವ್ರ ಮೇಲೆ ಆಣಿ," ಅಂದೇಳಿ ಸುಮತಿ ನನ್ನ ಹತ್ರ ಮಾತ್ ತಕಂಡಿತ್ತ್. ಎರಡ್ ಬದಿಯವ್ರೂ ನನ್ನ ಚೆಂದ ಮಾಡಿ ಕಂಡ್ಕಂಡದ್ದ್ ಆ ವಾರವೇ. ಒಬ್ಳ್ ಪತ್ರೊಡೆ ಮಾಡ್ತ್, ಒಬ್ಳ್ ಕಾಲ್ ಒತ್ತಿತ್ತ್. ನಾನ್ ಇಬ್ರಿಗೂ ಬೇಡ ಅನ್ಲಿಲ್ಲ.

ಗಾಡಿ ಹಾಳಾದ್ದಕ್ಕೆ ಬೇರೆ ಯಾರೂ ಕಾರಣ ಅಲ್ಲ, ನಮ್ಮ ಮನಿಯವ್ರೇ. ನನ್ನ ಮಗ, ದೀಕ್ಷಾನ ಅಪ್ಪ, ಮೀನಿನ ಬೋಟಿಗೆ ಹೋಪವ. ಕಡಲಿನ ಉಪ್ಪ್ ಗಾಳಿಗೆ ತುಕ್ಕ್ ಹಿಡಿತ್ ಅಂದೇಳಿ ನಮ್ಮಲ್ಲಿ ಕಬ್ಬಿಣ ಕಂಡಲ್ಲೆಲ್ಲ ಬೋಟಿನ ಗ್ರೀಸ್ ಮೆತ್ತುದ್. ಗೇಟಿಗೆ, ಬಾವಿ ರಾಟಿಗೆ, ನನ್ನ ಹೊಲಿಗಿ ಮಿಶಿನಿಗೆ. ಅವ ಪ್ರೀತಿಯಗೆ ಮಗಳ ಬೈಕಿನ ಕೀ ಹಾಕುವ ತೂತಿಗೂ ಒಂದ್ ಬೆರಳ್ ಗ್ರೀಸ್ ತುಂಬ್ಸಿ ಇಟ್ಟಿದ್ದ. ರಸ್ತಿ ಧೂಳ್, ಹೊಯ್ಗಿ ಎಲ್ಲ ಅದ್ಕೆ ಅಂಟ್ಕಂಡ್ ಒಳಗೆ ಕೆಸರಾಯ್ತ್. ಅದ್ರ ಮೇಲಿಂದ ಕೀಗೆ ಮನಿ ಬೀಗದ ಕೈ, ಲ್ಯಾಬಿನ ಬೀಗದ ಕೈ, ಗಾಡಿ ಪೂಜಿ ದಿನ ಸುಮತಿ ಕಟ್ಟಿದ ಹಿತ್ತಾಳಿ ಗೆಜ್ಜಿ. ಓಡುವಾಗ ಅಷ್ಟೂ ನೇತಾಡಿ ನೇತಾಡಿ ಸ್ವಿಚ್ ಒಳಗೆ ಸವ್ದ್ ಹೋಯಿತ್ತ್.

ದೀಕ್ಷಾ ಹೊಸ ಸ್ವಿಚ್ ಹಾಕ್ಸ್ಕಂಡ್ ಬಂತ್. ಈಗಳ್ ಕೀ ಒಂದೇ, ಒಂದ್ ತೆಳು ದಾರಕ್ಕೆ ಕಟ್ಟಿದ್ದ್. ಹ್ಯಾಂಡಲ್ ತಿರ್ಗ್ಸುವಾಗ ಎಳೀಬಾರ್ದ್ ಅಂದೇಳಿ ಸ್ವಿಚ್ಚಿನ ವಯರ್ ಸ್ವಲ್ಪ ಸಡ್ಲ ಬಿಟ್ಟ್ ಕಟ್ಟಿತ್ತ್. ತೂತಿಗೆ ಗ್ರೀಸ್ ಹಾಕುಕಾಗ, ತೆಂಗಿನೆಣ್ಣಿ ಹಾಕುಕಾಗ, ಪೈಪ್ ಹಿಡ್ದ್ ಜೋರ್ ನೀರ್ ಬಿಡುಕಾಗ. ನಿಲ್ಸಿದ್ ಮೇಲೆ ಮುಚ್ಚಿ ಇಡ್ಕ್. ಇದಷ್ಟೂ ನಂಗೆ ಸಾಲಿಗ್ರಾಮ ದಾಟುವಷ್ಟೊತ್ತಿಗೆ ಬಾಯಿಪಾಠ ಆಯ್ತ್, ಎಂತಕೆ ಅಂದ್ರೆ ಹೆಣ್ಣ್ ಅದನ್ನೇ ದಾರಿಯುದ್ದಕ್ಕೂ ಗಾಳಿಗೆ ಕೂಗ್ತಾ ಇದ್ದಿತ್ತ್.

ತೆಕ್ಕಟ್ಟೆ ಬಂತ್. ಹೆಣ್ಣ್ ಪಾಠ ನಿಲ್ಸಿ ಕನ್ನಡಿಯಗೆ ಹಿಂದೆ ಕಂಡಿತ್ತ್. ನಾನೂ ಅದ್ರ ಸೊಂಟ ಗಟ್ಟಿ ಹಿಡ್ಕಂಡೆ. ಹಿಂದೆ ಒಂದ್ ಟ್ಯಾಂಕರ್ ಬತ್ತಾ ಇದ್ದಿತ್ತ್, ಅದ್ ಮುಂದೆ ಹೋಪಲ್ಲಿವರಿಗೆ ನಾನ್ ತಿರ್ಗಿ ತಿರ್ಗಿ ಕಾಂತಾ ಇದ್ದೆ. ಗಾಡಿ ಮಾತ್ರ ಎಂತದೂ ಆಗ್ದಿದ್ದ ಹಾಂಗೆ ಗುಡುಗುಡು ಅಂದ್ಕಂಡ್ ಹೋಯ್ತ್.

ಕೋಟೇಶ್ವರದಗೆ ಬನ್ಸ್ ತಿಂದದ್ದ್. ಬಿಸಿ ಇದ್ದಿತ್ತ್, ಬಾಳಿಹಣ್ಣಿನ ಪರಿಮಳ ಬತ್ತಾ ಇದ್ದಿತ್ತ್. ಹೋಟ್ಲಿನವ್ರ್ ನನ್ನ ಹೆಲ್ಮೆಟ್ ಕಂಡ್, ಅಮ್ಮ ಎಲ್ಲಿಗೆ ಅಂದೇಳಿ ಕೇಂಡ್ರ್. ಗುಜರಾತಿಗೆ ಅಂದೆ. ಅವ್ರ್ ಇನ್ನೊಂದ್ ಬನ್ಸ್ ದುಡ್ಡಿಲ್ಲದೆ ಕೊಟ್ರ್. ಹೊರಡುವ ಮೊದ್ಲ್ ದೀಕ್ಷಾ ಕೀ ತಿರ್ಗ್ಸಿ, ಹ್ಯಾಂಡಲನ್ನ ಎಡಕ್ಕೆ ಬಲಕ್ಕೆ ಪೂರ್ತಿ ಹೊರಳ್ಸಿ ಕಂಡಿತ್ತ್. ಹೊರಳ್ಸುವಾಗ ಲೈಟ್ ಮಿಣಕ್ ಅಂದ್ರೆ ಸ್ವಿಚ್ ಕೈ ಕೊಡ್ತ್ ಅಂದೇಳಿ ಅರ್ಥ. ಲೈಟ್ ಕಾಂಬ ಕೆಲ್ಸ ನಂದ್. ಮಿಣಕ್ ಅನ್ಲಿಲ್ಲ.

ಕುಂದಾಪ್ರದಗೆ ಪೆಟ್ರೋಲ್ ಹಾಕ್ಸಿ, ಮರವಂತೆಯಗೆ ಒಂದ್ಗಳ್ಗಿ ನಿಂತದ್ದ್. ಒಂದ್ ಬದಿಗೆ ಕಡಲ್, ಒಂದ್ ಬದಿಗೆ ಹೊಳಿ. ಬಸ್ಸಗೆ ಹೋಪತ್ತಿಗೆ ಯಾವ್ದಾರೂ ಒಂದ್ ಬದಿ ಮಾತ್ರ ಕಾಂತ್. ಬೈಕಗೆ ಕೂಕಂಡ್ರೆ ಎರಡೂ ನಮ್ದೇ. ಬೆಳ್ಗಿನ ಬಿಸ್ಲಿಗೇ ಬೆನ್ನ್ ಸುಡ್ತಿತ್ತ್, ಆದ್ರೆ ಇಳುಕೆ ಮನಸ್ಸಾಗ್ಲಿಲ್ಲ.

ಬೈಂದೂರಗೆ ನನ್ನ ಅಕ್ಕನ ಮನಿ ಕಡಲಿನ ಬದಿಗೇ. ಹೊಯ್ಗಿಯ ಅಂಗಳ, ಕಾಲ್ ಇಟ್ರೆ ಮರಳಗೆ ಹೂತ್ ಹೋತ್. ಬಂಗ್ಡಿ ಸಾರ್, ಕುಚ್ಲಕ್ಕಿ ಅನ್ನ ಉಂಡ್ ದೀಕ್ಷಾ ಒಳಗೆ ಒಂದ್ಚೂರ್ ಮಲ್ಕಂತ್. ನಾನ್ ಜಗಲಿಯಗೆ ಕೂಕಂಡ್ ಅಕ್ಕನ ಹತ್ರ ಊರ ಸುದ್ದಿ ಕೇಂತಾ ಇದ್ದೆ. ಅಷ್ಟೊತ್ತಿಗೆ ಅಕ್ಕನ ಮಗ ಮೋಹನ ಪಂಪ್ ಚಾಲು ಮಾಡಿ, ಬೋಟ್ ತೊಳು ಪೈಪ್ ಹಿಡ್ಕಂಡ್ ಬೈಕಿನ ಹತ್ರ ಬಂದ. ಕಡಲ ಬದಿ ಮನಿಯವ್ರ್ ಹೀಂಗೇ. ಬಲಿ ಇರ್ಲಿ, ಬೋಟಿರ್ಲಿ, ನೆಂಟ್ರ ಗಾಡಿ ಇರ್ಲಿ, ಉಪ್ಪ್ ಗಾಳಿ ತಾಗಿದ್ದನ್ನ ಸಿಹಿ ನೀರಗೆ ತೊಳೀದೆ ಕಳ್ಸುದಿಲ್ಲ. ಅದ್ ಅವ್ರ ಮರ್ಯಾದಿ. ಹಿಂದಿನ ಚಕ್ರ ತೊಳ್ದ, ಮುಂದಿನ ಚಕ್ರ ತೊಳ್ದ. ಆಮೇಲೆ ಪೈಪ್ ಮೇಲೆ ಎತ್ತಿ ಹ್ಯಾಂಡಲ್ ಬದಿಗೆ ತಿರ್ಗ್ಸಿದ. ದೀಕ್ಷಾ ಕೀ ತೂತಿಗೆ ಮುಚ್ಚಿದ್ದ ಪ್ಲಾಸ್ಟಿಕ್ಕನ್ನ ಮೊದ್ಲೇ ತೆಗ್ದ್ ಬದಿಗೆ ಇಟ್ಟಿದ್ದ, ಚೆಂದ ಮಾಡಿ ತೊಳುಕೆ ಅಂದೇಳಿ.

ಮೊಳಕಾಲ್ ನೋವ್ ಎಲ್ಲಿಗೆ ಹೋಯ್ತೋ ಗೊತ್ತಿಲ್ಲ. ಓಡಿ ಹೋಯ್ ಹ್ಯಾಂಡಲ್ ಮೇಲೆ ಬಿದ್ದ್ ಎರಡೂ ಕೈಯಗೆ ತಬ್ಕಂಡೆ. ನೀರೆಲ್ಲ ನನ್ನ ಬೆನ್ನಿಗೆ.

"ಚಿಕ್ಕಮ್ಮ, ಎಂತ ಆಯ್ತ್ ನಿಮ್ಗೆ? ಬದಿಗೆ ಬನ್ನಿ ಕಾಂಬ," ಅಂದ ಮೋಹನ.

"ನನ್ನ ಮೇಲೆ ಎಷ್ಟ್ ಬೇಕಾರೂ ಬಿಡ್. ಕೀ ತೂತಿಗೆ ಒಂದ್ ಹನಿ ಹೋದ್ರೆ ನಿನ್ನ ಪಂಪ್ ಬಾವಿಗೆ ಹಾಕ್ತೆ."

ಅವ ಪೈಪ್ ಕೆಳಗೆ ಬಿಟ್ಟ. ಅಕ್ಕ ಜಗಲಿಯಿಂದ ಇಳೀದೆಯೇ, ನಿನ್ನ ಚಿಕ್ಕಮ್ಮ ಸಣ್ಣಾಗಿದ್ದಾಗ್ಳೂ ಹೀಂಗೇ, ನೀರ್ ಕಂಡ್ರೆ ಬಿಡ್ತಿರ್ಲಿಲ್ಲ ಅಂದೇಳಿ ಮಗನಿಗೆ ಹೇಳ್ತಾ ಇದ್ದಿತ್ತ್. ಗದ್ಲ ಕೇಂಡ್ ದೀಕ್ಷಾ ಎದ್ದ್ ಬಂತ್. ಮೋಹನನಿಗೆ ಬೈಲಿಲ್ಲ. ಹ್ಯಾಂಡಲ್ ಬದಿಯನ್ನ ಒದ್ದಿ ಬಟ್ಟಿಯಗೆ ಒರ್ಸಿದ್ರೆ ಸಾಕ್ ಚಿಕ್ಕಪ್ಪ ಅಂದೇಳಿ ಒರ್ಸಿ ತೋರ್ಸಿತ್ತ್. ಆಮೇಲೆ ಕೀ ಹಾಕಿ ತಿರ್ಗ್ಸಿತ್ತ್. ಲೈಟ್ ಹತ್ತಿತ್ತ್. ಇಂಜಿನ್ ಚಾಲು ಆಯ್ತ್. ಹೆಣ್ಣ್ ನನ್ನ ಒದ್ದಿ ಬೆನ್ನ್ ತಬ್ಕಂತ್.

ಅಕ್ಕನ ಗಿಳಿ ಹಸ್ರ್ ಸೀರಿ ಉಟ್ಕಂಡ್ ಹೊರಟೆ. ಉಪ್ಪುಂದ, ನಾವುಂದ, ಮರವಂತೆ, ತ್ರಾಸಿ ಎಲ್ಲ ದಾಟಿ ಬಂದಾಯ್ತ್. ಇನ್ನೆಂತ ಹೆದ್ರಿಕಿ ಅಂದೇಳಿ ನಾನ್ ಹಾಡ್ ಶುರು ಮಾಡಿದ್ದೆ ಅಷ್ಟೇ. ಹೆಮ್ಮಾಡಿ ಹತ್ರ ಒಂದ್ ಹೊಂಡಕ್ಕೆ ಚಕ್ರ ಇಳ್ದದ್ದೇ ಸೈ, ಇಂಜಿನ್ ಬಂದ್.

ಗಾಡಿ ತನ್ನಷ್ಟಕ್ಕೇ ಉರುಳ್ಕಂಡ್ ರಸ್ತಿ ಬದಿಗೆ ಹೋಯ್ ನಿಂತಿತ್ತ್. ಬದಿಗೆ ಒಂದ್ ಬಸ್ ಹಾರ್ನ್ ಹಾಕಿ ಹೋಯ್ತ್. ದೀಕ್ಷಾ ಹೆಲ್ಮೆಟ್ ತೆಗೀಲಿಲ್ಲ, ಒಳಗೆ ಕಣ್ಣೀರ್ ಹಾಕಿ ಮರ್ಕ್ತಾ ಇತ್ತೋ ಎಂತದೋ ನಂಗೆ ಕಾಣ್ಲಿಲ್ಲ. ಆಗ ನಾನ್ ಹೆಗಲ ಮೇಲಿಂದ ಬಗ್ಗಿ ಕಂಡೆ.

"ಹೆಣೆ, ಲೈಟ್ ಉರಿತಾ ಇತ್ತಲ್ಲೆ."

ಅದ್ ತಲಿ ಎತ್ತಿ ಕಂಡಿತ್ತ್. ಹಾರ್ನ್ ಒತ್ತಿತ್ತ್, ಜೋರ್ ಬಂತ್. ಸ್ವಿಚ್ ಹೋದ್ರೆ ಲೈಟ್ ಹಾರ್ನ್ ಎಲ್ಲ ಒಟ್ಟಿಗೇ ಹೋಪುದ್, ತೆಕ್ಕಟ್ಟೆಯಗೆ ಆದ ಹಾಂಗೆ. ಇದ್ ಬೇರೆ. ಹೆಣ್ಣ್ ಕಾಲಡಿಗೆ ಕಂಡ್, ನನ್ನ ಇಳ್ಸದೆಯೇ ಬಗ್ಗಿ ಸೈಡ್ ಸ್ಟ್ಯಾಂಡ್ ಮುಟ್ಟಿತ್ತ್. ಅಕ್ಕನ ಅಂಗಳದ ಒದ್ದಿ ಹೊಯ್ಗಿ ಅದ್ರ ಸಂದಿಗೆ ಸಿಕ್ಕಿ ಸ್ಟ್ಯಾಂಡ್ ಪೂರ್ತಿ ಮೇಲೆ ಹೋಯಿರ್ಲಿಲ್ಲ, ಹೊಂಡದಗೆ ಕುಲುಕಿದ್ದಕ್ಕೆ ಇನ್ನೂ ಸ್ವಲ್ಪ ಇಳ್ದಿತ್ತ್. ಸ್ಟ್ಯಾಂಡ್ ಕೆಳಗಿದ್ರೆ ಈ ಗಾಡಿ ಇಂಜಿನ್ ತಾನೇ ಬಂದ್ ಮಾಡ್ತಂಬ್ರ್, ಸವಾರ ಬೀಳ್ಬಾರ್ದ್ ಅಂದೇಳಿ. ನಾವ್ ಕುಡು ನೀರಗೆ ಹೊಯ್ಗಿ ತೊಳ್ದದ್ದ್, ಸ್ಟ್ಯಾಂಡ್ ಟಕ್ ಅಂದೇಳಿ ಮೇಲೆ ಹೋಯ್ತ್, ಗಾಡಿ ಚಾಲು ಆಯ್ತ್.

ಕುಂದಾಪ್ರ ಹೊಳಿ ಮೇಲಿನ ಸಂಕ ಬಂತ್. ದೀಕ್ಷಾ ಹಿಂದೆ ತಿರ್ಗದೆ ಹೇಳ್ತ್, "ಅಜ್ಜಿ, ಅಬ್ಬಿ ಕೇಂಡ್ರೆ ನಿಂತದ್ದ್ ಹೇಳ್. ನಿನ್ನ ಹತ್ರ ಸುಳ್ಳ್ ಹೇಳ್ಸಿ ನಂಗೆ ಹೋಪುದ್ ಬೇಡ."

ಅಷ್ಟೊತ್ತಿಗೆ ನಾನ್ ಸುಳ್ಳ್ ತಯಾರ್ ಮಾಡಿ ಆಯಿತ್ತ್, ಚೆಂದದ ಸುಳ್ಳ್. ಬಿಟ್ಟ್ ಬಿಟ್ಟೆ.

ಬ್ರಹ್ಮಾವರ ಮುಟ್ಟುವಾಗ ಸುಮತಿ ಮೆಟ್ಲ ಮೇಲೇ ನಿಂತಿತ್ತ್. ಮೊದ್ಲ್ ಕಂಡದ್ದ್ ಸೀರಿ. ಅತ್ತಿ, ಹೋಪತ್ತಿಗೆ ಈ ಸೀರಿ ಅಲ್ಲಲ್ಲ ಅಂದೇಳಿ ಕೇಂತ್. ಪೈಪಿನ ಕಥಿ ಹೇಳ್ದೆ. ಸುಮತಿಗೆ ನಗು ಬಂದದ್ದನ್ನ ಅದ್ ನುಂಗ್ಕಂತ್. ಆಮೇಲೆ ಕೇಂತ್, "ನಿಂತಿತ್ತಾ?"

"ನಿಂತಿತ್ತ್. ಹೆಮ್ಮಾಡಿಯಗೆ. ಆದ್ರೆ ಲೈಟ್ ಉರಿತಾ ಇದ್ದಿತ್ತ್, ನಾನ್ ಕಣ್ಣಾರೆ ಕಂಡೆ," ಅಂದೆ.

ದೀಕ್ಷಾ ಹೊಯ್ಗಿ, ಸ್ಟ್ಯಾಂಡ್ ಎಲ್ಲ ವಿವರ್ಸಿತ್ತ್, ಸ್ವಿಚ್ ಹೋದ್ರೆ ಹ್ಯಾಂಗಾತ್ ಅಂದೇಳಿಯೂ ಹೇಳ್ತ್. ಸುಮತಿ ಕೀ ತಾನೇ ಹಿಡ್ದ್ ತಿರ್ಗ್ಸಿತ್ತ್. ಲೈಟ್ ಹತ್ತಿತ್ತ್. ಹ್ಯಾಂಡಲ್ ಎಡಕ್ಕೆ ಹೊರಳ್ಸಿತ್ತ್, ಬಲಕ್ಕೆ ಹೊರಳ್ಸಿತ್ತ್, ಇನ್ನೊಂದ್ ಸಲ ಎಡಕ್ಕೆ. ಲೈಟ್ ಅಲುಗ್ಲಿಲ್ಲ. ಸ್ಟ್ಯಾಂಡ್ ಹತ್ರ ಕುಕ್ಕುರುಗಾಲಗೆ ಕೂಕಂಡ್ ಬೆರಳ್ ಹಾಕಿ ಕಂಡಿತ್ತ್. ಬೆರಳಿಗೆ ನಾಕ್ ಕಾಳ್ ಹೊಯ್ಗಿ ಬಂತ್. ಅದನ್ನ ಸೆರಗಿಗೆ ಒರ್ಸ್ಕಂಡ್ ಎದ್ದಿತ್ತ್.

"ಗುರುವಾರ ಎಷ್ಟೊತ್ತಿಗೆ ಹೊರಡುದ್? ದಾರಿಗೆ ಎಂತಾರೂ ಮಾಡಿ ಕೊಡ್ಕಲ್ಲ," ಅಂತ್ ಮಗಳಿಗೆ.

ನಂಗೆ ಎದಿ ಮೇಲಿನ ಕಲ್ಲ್ ಇಳ್ದ ಹಾಂಗಾಯ್ತ್. ಆದ್ರೆ ನಾನ್ ಮಾತ್ರ ಇಳ್ದಿರ್ಲಿಲ್ಲ. ಇಷ್ಟ್ ಹೊತ್ತೂ ಬೈಕಿನ ಮೇಲೇ ಕೂಕಂಡಿದ್ದೆ, ಎರಡೂ ಕಾಲ್ ಮರಗಟ್ಟಿ ಹೋಯಿತ್ತ್. ಅಬ್ಬಿ ಒಂದ್ ಬದಿಗೆ, ಮಗಳ್ ಒಂದ್ ಬದಿಗೆ ಹಿಡ್ಕಂಡ್, ಒಬ್ರಿಗೊಬ್ರ್ ಹಾಂಗೆ ಹಿಡಿ ಹೀಂಗೆ ಹಿಡಿ ಅಂದೇಳಿ ಜಗಳ ಮಾಡ್ಕಂಡ್ ನನ್ನ ಕೆಳಗೆ ಇಳ್ಸಿದ್ರ್.